ಆರ್ಕಿಡ್ ಕಾಯಿಗೂ ಪ್ರಯೋಗಾಲಯದ ಬಾಗಿಲು ತೆರೆಯಲಿ

ಸಂಪಾದಕರಿಗೆ ನಮಸ್ಕಾರ.

ಗಿಡದ ಸಣ್ಣ ಚೂರನ್ನು ಬಾಟಲಿಯಲ್ಲಿ ಬೆಳೆಸಿ ಬಾಳೆಯ ಸಸಿ ಮಾಡಿಕೊಡುವ ಅಂಗಾಂಶ ಕೃಷಿ ಪ್ರಯೋಗಾಲಯಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ. ಮನೆಯಲ್ಲಿ ಆರ್ಕಿಡ್ ಬೆಳೆಸುವವರು ಒಂದು ಕಾಯಿ ತಂದುಕೊಟ್ಟರೆ ಅದರ ಬೀಜವನ್ನು ಬಾಟಲಿಯಲ್ಲಿ ಬಿತ್ತಿಕೊಡುವ ಕೆಲಸವನ್ನೂ ಅವು ಶುಲ್ಕ ಪಡೆದು ಮಾಡಬೇಕು. ಈ ಒಂದು ಬೇಡಿಕೆಗಾಗಿ ಬರೆಯುತ್ತಿದ್ದೇನೆ. ಆರ್ಕಿಡ್ಡನ್ನು ಬೀಜದಿಂದ ಬೆಳೆಸಬಹುದು ಎಂಬುದೇ ಬಹಳ ಜನರಿಗೆ ಗೊತ್ತಿಲ್ಲದ ಕಾರಣ ಪತ್ರ ಸ್ವಲ್ಪ ಉದ್ದವಾಗುತ್ತದೆ. ದಯವಿಟ್ಟು ಜಾಗ ಕೊಡಿ.

ನಾನು ಶಿರಸಿ ಸೀಮೆಯ ಅಡಿಕೆ ತೋಟದ ಮನೆಯವಳು. ನಮ್ಮ ಕಡೆ ಮಳೆಗಾಲವೆಂದರೆ ಡೇರೆಯ, ಅಂದರೆ ಡೇಲಿಯಾ ಹೂವಿನ ಕಾಲ. ಅಂಗಳದ ಸುತ್ತ, ಚಪ್ಪರದ ಬುಡದಲ್ಲಿ, ಹೆಂಚಿನ ಮಾಡಿನಿಂದ ನೀರು ಬೀಳದ ಕಡೆಯಲ್ಲೆಲ್ಲ ಡೇರೆ ಗಿಡಗಳು ಕೋಲಿಗೆ ಒರಗಿ ನಿಂತಿರುತ್ತವೆ. ಗಡ್ಡೆಯಿಂದ ಎದ್ದ ಡೇರೆ ತಾಯಿಯ ಬಣ್ಣವನ್ನೇ ಕೊಡುತ್ತದೆ, ಬೀಜ ಹಾಕಿದರೆ ಯಾವ ಬಣ್ಣ ಬಂದೀತೆಂದು ಹೇಳಲಾಗದು. ಇದನ್ನು ಮಲೆನಾಡಿನ ಹೆಂಗಸರಿಗೆ ಯಾರೂ ಕಲಿಸಬೇಕಿಲ್ಲ. ಬೀಜದ ಡೇರೆಯಲ್ಲಿ ಕಾಣದ ಬಣ್ಣವೊಂದು ಅರಳಿದರೆ ಅದರ ಗಡ್ಡೆಯನ್ನು ಬೇರೆಯೇ ಕಿತ್ತು, ಮಣ್ಣಿನಲ್ಲಿ ಹೂತು ಕಾದಿಟ್ಟು, ಮರುವರ್ಷ ತವರಿಗೆ, ನಾದಿನಿಯ ಮನೆಗೆ, ಪಕ್ಕದೂರಿಗೆ ಹಂಚುತ್ತೇವೆ. ಹೊಸ ತಳಿ ಆರಿಸುವ ಕೆಲಸ ಇದಕ್ಕಿಂತ ಬೇರೆ ಏನಲ್ಲ. ನಾನು ಆರ್ಕಿಡ್ಡಿಗೆ ಬಂದದ್ದೂ ಈ ಡೇರೆಯ ದಾರಿಯಲ್ಲೇ. ಬೀಜದಿಂದ ಬಂದರೆ ಈ ಹೂವು ಹೇಗಿದ್ದೀತು ಎಂಬ ಪ್ರಶ್ನೆ ಒಮ್ಮೆ ತಲೆಗೆ ಹೊಕ್ಕಿತೆಂದರೆ ಬಿಡುವುದಿಲ್ಲ.

ನರ್ಸರಿಯಲ್ಲಿ ನಾವು ಕೊಳ್ಳುವ ಡೆಂಡ್ರೋಬಿಯಂ, ಫೆಲನಾಪ್ಸಿಸ್ ಗಿಡಗಳಲ್ಲಿ ಬಹುಪಾಲು ಥಾಯ್ಲೆಂಡಿನಿಂದಲೋ ತೈವಾನಿನಿಂದಲೋ ಬಂದ ಅಂಗಾಂಶ ಕೃಷಿಯ ಸಸಿಗಳು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಸಿಂಬಿಡಿಯಂ ಎಂಬ ಆರ್ಕಿಡ್ ಗಿಡದ ಚಿಗುರಿನ ತುದಿಯಿಂದ ಸಸಿ ಎಬ್ಬಿಸಿ ತೋರಿಸಿದ ಮೇಲೆ ಒಂದೇ ಗಿಡದಿಂದ ಸಾವಿರಗಟ್ಟಲೆ ಪ್ರತಿಗಳನ್ನು ಪಡೆಯುವ ದಾರಿ ತೆರೆಯಿತು. ಅದರಿಂದಲೇ ಆರ್ಕಿಡ್ ನಮ್ಮಂಥವರ ಕೈಗೆಟುಕುವ ಬೆಲೆಗೆ ಇಳಿಯಿತು, ಅದು ದೊಡ್ಡ ಉಪಕಾರ. ಆದರೆ ಶಿರಸಿಯ ನನ್ನ ಜಗಲಿಯಲ್ಲಿ ಅರಳುವ ಹೂವೂ ಬೆಂಗಳೂರಿನ ಹೋಟೆಲಿನ ಮೇಜಿನ ಮೇಲಿರುವ ಹೂವೂ ಒಂದೇ ಗಿಡದ ತುಂಡುಗಳು. ಬೀಜದ ಗಿಡ ಹಾಗಲ್ಲ. ಒಂದೇ ಕಾಯಿಯ ಎರಡು ಬೀಜಗಳು ಅಕ್ಕತಂಗಿಯರಂತೆ, ಮೂಗು ಒಂದರದ್ದು ಬೇರೆ, ಬಣ್ಣ ಒಂದರದ್ದು ಬೇರೆ.

ಕೆಲಸ ಹೀಗೆ ಮಾಡುತ್ತೇವೆ. ಆರ್ಕಿಡ್ ಹೂವಿನ ನಡುವೆ ಗಂಡು ಹೆಣ್ಣು ಎರಡೂ ಭಾಗ ಸೇರಿ ಆದ ಒಂದು ಗಿಡ್ಡ ಕಂಬ ಇರುತ್ತದೆ. ತುದಿಯ ಸಣ್ಣ ಟೊಪ್ಪಿಯನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಎತ್ತಿದರೆ ಹಳದಿ ಪರಾಗದ ಗಟ್ಟಿ ಮುದ್ದೆಗಳು ಕಡ್ಡಿಗೆ ಅಂಟಿಕೊಂಡು ಬರುತ್ತವೆ. ಬೇರೆ ಹೂಗಳ ಹಾಗೆ ಪುಡಿ ಉದುರುವುದಿಲ್ಲ. ಡೆಂಡ್ರೋಬಿಯಂನಲ್ಲಿ ಅಂಥವು ನಾಲ್ಕು, ವಾಂಡಾ ಬಳಗದಲ್ಲಿ ಎರಡು. ಅವನ್ನು ಇನ್ನೊಂದು ಹೂವಿನ ಕಂಬದ ಕೆಳಗಿರುವ ಅಂಟು ಗುಳಿಗೆ ಒತ್ತಬೇಕು. ವಾರಗಟ್ಟಲೆ ನಳನಳಿಸುವ ಹೂವು ಪರಾಗ ಬಿದ್ದ ಒಂದೆರಡು ದಿನಗಳಲ್ಲೇ ಬಾಡಿ ಮುದುಡುತ್ತದೆ. ತೊಟ್ಟು ಹಸಿರಾಗಿಯೇ ಉಳಿದು ದಪ್ಪವಾಗತೊಡಗಿದರೆ ಕಾಯಿ ಕಟ್ಟಿತೆಂದು ಲೆಕ್ಕ. ಡೆಂಡ್ರೋಬಿಯಂ ಕಾಯಿ ಮೂರು ನಾಲ್ಕು ತಿಂಗಳಿಗೆ ಬಿತ್ತಲು ಬರುತ್ತದೆ. ಕ್ಯಾಟ್ಲಿಯಾ ಒಂಬತ್ತು ತಿಂಗಳಾದರೂ ಕಾಯಿಸುತ್ತದೆ. ಎಲ್ಲ ಜೋಡಿಯೂ ಕೂಡುವುದಿಲ್ಲ. ವರ್ಣತಂತುಗಳು ಎರಡರ ಬದಲು ಮೂರು ಪ್ರತಿ ಇರುವ ಪೇಟೆಯ ಗಿಡಗಳಲ್ಲಿ ಕಾಯಿ ಕಟ್ಟಿದರೂ ಒಳಗೆ ಬರೀ ಹೊಟ್ಟು ಸಿಗುವುದುಂಟು.

ಕಾಯಿ ಬಿರಿದರೆ ಕಾಣುವ ಬೀಜ ಬೀಜದಂತೆಯೇ ಕಾಣುವುದಿಲ್ಲ. ಉಸಿರು ತಾಗಿದರೆ ಹಾರಿಹೋಗುವ ಧೂಳು. ಜಾತಿಗೆ ತಕ್ಕಂತೆ ಒಂದು ಕಾಯಿಯಲ್ಲಿ ಸಾವಿರಗಟ್ಟಲೆಯಿಂದ ಲಕ್ಷಗಟ್ಟಲೆ ಬೀಜ. ಭತ್ತದ ಕಾಳಿನಲ್ಲಿ ಮೊಳಕೆಗೆ ಬೇಕಾದ ಬುತ್ತಿಯನ್ನು ತಾಯಿಯೇ ಕಟ್ಟಿಕೊಟ್ಟಿರುತ್ತಾಳೆ, ಆರ್ಕಿಡ್ ಬೀಜಕ್ಕೆ ಆ ಬುತ್ತಿ ಇಲ್ಲ. ಕಾಡಿನಲ್ಲಿ ಅದು ಮರದ ತೊಗಟೆಯ ಮೇಲೆ ಬಿದ್ದು, ಅಲ್ಲಿ ತನಗೆ ಒಗ್ಗುವ ಶಿಲೀಂಧ್ರ ಸಿಕ್ಕಿ, ಅದರಿಂದ ಆಹಾರ ಪಡೆದರಷ್ಟೇ ಬದುಕುತ್ತದೆ. ಈ ಗುಟ್ಟನ್ನು 1899ರಲ್ಲಿ ಕಂಡವರು ಫ್ರಾನ್ಸಿನ ನೊಯೆಲ್ ಬರ್ನಾರ್ಡ್. ಅಲ್ಲಿಯವರೆಗೆ ಯುರೋಪಿನ ತೋಟಗಾರರು ಬೀಜವನ್ನು ತಾಯಿಗಿಡದ ಬುಡದಲ್ಲಿ ಉದುರಿಸಿ, ಎದ್ದಷ್ಟು ಎದ್ದೀತು ಎಂದು ಕಾಯುತ್ತಿದ್ದರು. 1922ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್ ಶಿಲೀಂಧ್ರವೇ ಇಲ್ಲದೆ, ಸಕ್ಕರೆ ಮತ್ತು ಲವಣ ಬೆರೆಸಿದ ಅಗರ್ ಮೇಲೆ ಬೀಜ ಮೊಳೆಯಿಸಿದರು. 1946ರಲ್ಲಿ ಅವರು ಪ್ರಕಟಿಸಿದ ನಡ್ಸನ್ ಸಿ ಎಂಬ ಪಾಕವನ್ನು ಇಂದಿಗೂ ಬಳಸುತ್ತಾರೆ. ಒಂದು ಲೀಟರ್ ನೀರಿಗೆ ಒಂದು ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, ಅರ್ಧ ಗ್ರಾಂ ಅಮೋನಿಯಂ ಸಲ್ಫೇಟ್, ಕಾಲು ಕಾಲು ಗ್ರಾಂ ಪೊಟ್ಯಾಸಿಯಂ ಫಾಸ್ಫೇಟ್ ಮತ್ತು ಮೆಗ್ನೀಸಿಯಂ ಸಲ್ಫೇಟ್, ಚಿಟಿಕೆಗಿಂತ ಕಡಿಮೆ ಕಬ್ಬಿಣ ಮತ್ತು ಮ್ಯಾಂಗನೀಸ್, 20 ಗ್ರಾಂ ಸಕ್ಕರೆ. ಗಟ್ಟಿಯಾಗಲು ಅಗರ್, ಅಂದರೆ ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವ ವಸ್ತು. ಸಸಿ ಸ್ವಲ್ಪ ದೊಡ್ಡದಾದ ಮೇಲೆ ಎಳನೀರು, ಬಾಳೆಹಣ್ಣು, ಇದ್ದಿಲ ಪುಡಿ ಸೇರಿಸುವ ರೂಢಿಯೂ ಇದೆ. ಗೊಬ್ಬರದಂಗಡಿ ಮತ್ತು ಅಡುಗೆಮನೆಯ ನಡುವೆ ಹುಟ್ಟುವ ಪಾಕ ಇದು, ಹೆದರಬೇಕಾದ್ದೇನೂ ಇಲ್ಲ.

ಹೆದರಬೇಕಾದ್ದು ಬೂಷ್ಟಿಗೆ. ಆರ್ಕಿಡ್ ಬೀಜಕ್ಕೆ ಇಷ್ಟವಾದ ಸಕ್ಕರೆ ಪಾಕ ಗಾಳಿಯಲ್ಲಿರುವ ಎಲ್ಲ ಬೂಷ್ಟಿಗೂ ಇಷ್ಟವೇ. ಅದಕ್ಕಾಗಿ ಪಾಕ ತುಂಬಿದ ಬಾಟಲಿಗಳನ್ನು ಕುಕ್ಕರಿನಲ್ಲಿ ಇಪ್ಪತ್ತು ನಿಮಿಷ ಪೂರ್ಣ ಒತ್ತಡದಲ್ಲಿ ಬೇಯಿಸುತ್ತೇವೆ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಕ್ಕೆ ಕೈ ತೂರುವಷ್ಟು ಎರಡು ತೂತು ಕೊರೆದು, ಒಳಗೆಲ್ಲ ಸ್ಪಿರಿಟ್ ಒರೆಸಿ, ಅದರೊಳಗೆ ಬಿತ್ತುತ್ತೇವೆ. ಕಾಯಿ ಬಿರಿಯುವ ಮುಂಚೆ ಹಸಿರಿದ್ದಾಗಲೇ ಕೊಯ್ದು, ಹೊರಮೈಯನ್ನು ಬ್ಲೀಚಿನಲ್ಲಿ ತೊಳೆದು ಸೀಳಿದರೆ ಒಳಗಿನ ಬೀಜ ತಾನಾಗಿ ಶುದ್ಧವಾಗಿರುತ್ತದೆ. ಮನೆಯಲ್ಲಿ ಮಾಡುವವರಿಗೆ ಇದೇ ಸುಲಭ. ಬೇಸಿಗೆಯಲ್ಲಿ ಈ ಏರ್ಪಾಡು ಸಾಕು. ಆದರೆ ಘಟ್ಟದ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೂ ಗೋಡೆಗೆ ನೇತುಹಾಕಿದ ಫೋಟೊಕ್ಕೂ ಬೂಷ್ಟು ಹಿಡಿಯುತ್ತದೆ. ನಮ್ಮ ಹೆಚ್ಚಿನ ಆರ್ಕಿಡ್‌ಗಳು ಕಾಯಿ ಹೊರುವುದು ಆ ತಿಂಗಳುಗಳಲ್ಲೇ. ಎಷ್ಟು ಎಚ್ಚರದಿಂದ ಬಿತ್ತಿದ ಬಾಟಲಿಯೂ ವಾರದಲ್ಲಿ ಬಿಳಿ ಹತ್ತಿಯಾಗಿಬಿಡುತ್ತದೆ. ಎರಡು ಬೆಲೆಬಾಳುವ ಗಿಡ ಕೂಡಿಸಿ, ತಿಂಗಳುಗಟ್ಟಲೆ ಕಾಯಿ ಕಾದವರ ಹೊಟ್ಟೆ ಉರಿಯುವುದು ಆಗ. ಶೋಧಿಸಿದ ಗಾಳಿಯ ಮೇಜು, ಆಟೋಕ್ಲೇವ್ ಎಂಬ ದೊಡ್ಡ ಕುಕ್ಕರು, ತಂಪು ಕೋಣೆ ಇರುವ ಪ್ರಯೋಗಾಲಯಕ್ಕೆ ಇದು ಅರ್ಧ ದಿನದ ಕೆಲಸವೂ ಅಲ್ಲ.

ಉಳಿದ ಬಾಟಲಿಗಳ ಸುಖ ಹೇಳದೆ ಮುಂದೆ ಹೋಗಲಾರೆ. ಕೆಲವು ವಾರಗಳಾದ ಮೇಲೆ ಆ ಧೂಳು ಮೊದಲು ಹಳದಿಯಾಗಿ, ಆಮೇಲೆ ಹಸಿರು ಗುಂಡುಗಳಾಗಿ ಉಬ್ಬುತ್ತದೆ. ಬೇರೂ ಅಲ್ಲದ, ಎಲೆಯೂ ಅಲ್ಲದ ಗುಂಡು. ಅದರ ನೆತ್ತಿಯಲ್ಲಿ ಒಂದು ಚೂಪು ಕಾಣಿಸುತ್ತದೆ, ಅದೇ ಮೊದಲ ಎಲೆ. ಒತ್ತೊತ್ತಾದಾಗ ಹೊಸ ಬಾಟಲಿಗೆ ಬಿಡಿಸಿ ಹಾಕಬೇಕು. ಹೀಗೆ ವರ್ಷದ ಹತ್ತಿರ ಗಾಜಿನೊಳಗೆ ಬೆಳೆದ ಸಸಿಯನ್ನು ನಾನು ಜೋರು ಮಳೆ ಕಳೆದು ನವರಾತ್ರಿ ಬಂದ ಮೇಲಷ್ಟೇ ಹೊರಗೆ ತೆಗೆಯುತ್ತೇನೆ. ಬೇರಿಗಂಟಿದ ಅಗರ್ ಪೂರ್ತಿ ತೊಳೆದು, ಇದ್ದಿಲು ಮತ್ತು ತೆಂಗಿನ ಸಿಪ್ಪೆಯ ಚೂರಿನಲ್ಲಿ ಹತ್ತಾರು ಸಸಿಗಳನ್ನು ಒಂದೇ ಕುಂಡದಲ್ಲಿ ಕೂರಿಸುತ್ತೇನೆ. ಗುಂಪಿನಲ್ಲಿದ್ದಾಗ ಅವು ಚೆನ್ನಾಗಿ ಹಿಡಿದುಕೊಳ್ಳುತ್ತವೆ. ಅಲ್ಲಿಂದ ಹೂವಿಗೆ ಡೆಂಡ್ರೋಬಿಯಂ ಎರಡು ಮೂರು ವರ್ಷ, ವಾಂಡಾ ಅದಕ್ಕೂ ಹೆಚ್ಚು. ಬಿಳಿ ಡೆಂಡ್ರೋಬಿಯಂಗೆ ನೇರಳೆಯದರ ಪರಾಗ ಇಟ್ಟ ನನ್ನ ಒಂದು ಜೋಡಿಯ ಮಕ್ಕಳು ಈಗ ಹೂ ಬಿಡುತ್ತಿವೆ. ಒಂದರಲ್ಲಿ ಬಿಳಿ ಎಸಳಿಗೆ ನೇರಳೆ ತುಟಿ, ಇನ್ನೊಂದು ಪೂರ್ತಿ ತಿಳಿಗುಲಾಬಿ, ಮತ್ತೊಂದರ ಎಸಳಿನ ಮೇಲೆ ನರದಂಥ ಗೆರೆಗಳು. ಆ ಗೆರೆಯ ಹೂವು ನನಗೆ ಎಲ್ಲಕ್ಕಿಂತ ಇಷ್ಟ. ಅದರ ಜೋಡಿ ಈ ಲೋಕದಲ್ಲಿ ಇನ್ನೆಲ್ಲೂ ಇಲ್ಲ.

ಮನುಷ್ಯರು ಕೂಡಿಸಿದ ಆರ್ಕಿಡ್ ಮೊದಲು ಅರಳಿದ್ದು 1856ರಲ್ಲಿ, ಇಂಗ್ಲೆಂಡಿನ ಎಕ್ಸೆಟರ್ ಊರಿನ ವೀಚ್ ನರ್ಸರಿಯಲ್ಲಿ. ಜಾನ್ ಡೊಮಿನಿ ಎಂಬ ತೋಟಗಾರ ಎರಡು ಕ್ಯಾಲಾಂಥೆಗಳನ್ನು ಕೂಡಿಸಿದ್ದರು. ಜಾನ್ ಹ್ಯಾರಿಸ್ ಎಂಬ ವೈದ್ಯರು ಹೂವಿನ ಭಾಗಗಳನ್ನು ತೋರಿಸಿ ಹೀಗೆ ಮಾಡಬಹುದು ಎಂದು ಅವರಿಗೆ ಹೇಳಿಕೊಟ್ಟರಂತೆ. ಇಂದು ಹೆಸರು ನೋಂದಾಯಿಸಿದ ಇಂಥ ಜೋಡಿಗಳು ಒಂದು ಲಕ್ಷಕ್ಕೂ ಹೆಚ್ಚು. ಸ್ಯಾಂಡರ್ ಎಂಬ ವ್ಯಾಪಾರಿ 1906ರಲ್ಲಿ ಶುರುಮಾಡಿದ ಪಟ್ಟಿಯನ್ನು 1961ರಿಂದ ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ನೋಡಿಕೊಳ್ಳುತ್ತಿದೆ. ಹೂ ಬಿಟ್ಟ ಗಿಡ ಇದ್ದರೆ, ತಂದೆ ತಾಯಿ ಯಾವುದೆಂದು ಖಚಿತವಾಗಿ ಗೊತ್ತಿದ್ದರೆ ಯಾವ ಹಳ್ಳಿಯ ಹವ್ಯಾಸಿಯೂ ತನ್ನ ಜೋಡಿಗೆ ಹೆಸರಿಡಬಹುದು.

ನಮ್ಮಲ್ಲಿ ಬಹಳ ಜನರಿಗೆ ಆ ಯೋಗ ತಪ್ಪುವುದು ಇಲ್ಲಿಯೇ. ಪೇಟೆಯಲ್ಲಿ ಮಾರುವ ಗಿಡಕ್ಕೆ ಹೆಸರಿನ ಚೀಟಿಯೇ ಇರುವುದಿಲ್ಲ. ಕೇಳಿದರೆ ‘ಪಿಂಕ್ ಡೆಂಡ್ರೋಬಿಯಂ’ ಎನ್ನುತ್ತಾರೆ. ಹೆಸರು ಗೊತ್ತಿಲ್ಲದ ತಾಯಿಯ ಮಕ್ಕಳಿಗೆ ವಂಶಾವಳಿ ಬರೆಯಲು ಬರುವುದಿಲ್ಲ. ತರಿಸುವಾಗ ಪೆಟ್ಟಿಗೆಯ ಮೇಲಿದ್ದ ಹೆಸರನ್ನು ಕುಂಡದವರೆಗೂ ಉಳಿಸಿ ಎಂದು ನರ್ಸರಿಯವರನ್ನು ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ. ಬೆಳೆಸುವವರೂ ತಾಯಿಯ ಹೆಸರು ಮೊದಲು, ತಂದೆಯ ಹೆಸರು ಆಮೇಲೆ, ದಿನಾಂಕ ಕೆಳಗೆ ಎಂದು ಪ್ಲಾಸ್ಟಿಕ್ ಪಟ್ಟಿಯಲ್ಲಿ ಪೆನ್ಸಿಲಿನಿಂದ ಬರೆದಿಡಬೇಕು. ಪೆನ್ನಿನ ಶಾಯಿ ಒಂದು ಮಳೆಗಾಲ ತಡೆಯುವುದಿಲ್ಲ.

ಇದೆಲ್ಲ ಕೆಲವರ ಶೋಕಿ, ಸರ್ಕಾರದ ಪ್ರಯೋಗಾಲಯಕ್ಕೆ ಇದರಿಂದೇನು ಎಂದು ಕೇಳುವವರು ಇದ್ದಾರೆ. ಅವರಿಗೆ ಸೀತಾಳೆ ದಂಡೆ ಎಂಬ ನಮ್ಮ ಕಾಡು ಆರ್ಕಿಡ್ಡಿನ ಸ್ಥಿತಿ ಹೇಳಬೇಕು. ಮುಂಗಾರು ಹಿಡಿಯುವ ಹೊತ್ತಿಗೆ ಹಲಸು, ಮಾವು, ಮತ್ತಿಯ ಕೊಂಬೆಗಳಿಂದ ಮೊಳದುದ್ದ ಜೋತುಬೀಳುವ ತಿಳಿಗುಲಾಬಿ ಗೊಂಚಲು. ಮುಡಿಗೆ ಇದಕ್ಕಿಂತ ಚೆಂದದ ಹೂವು ನಮ್ಮ ಸೀಮೆಯಲ್ಲಿಲ್ಲ. ಅಸ್ಸಾಮಿನಲ್ಲಿ ಇದೇ ಹೂವನ್ನು ಬಿಹು ಹಬ್ಬಕ್ಕೆ ಮುಡಿಯುತ್ತಾರೆ, ಅಲ್ಲಿ ಅದು ರಾಜ್ಯದ ಹೂವು. ಇಲ್ಲಿ ಜಾತ್ರೆಯ ಬೀದಿಯಲ್ಲಿ, ಘಟ್ಟದ ರಸ್ತೆಯ ತಿರುವಿನಲ್ಲಿ, ಬೇರುಸಹಿತ ಮರದಿಂದ ಕಿತ್ತ ಗಿಡಗಳು ಗೋಣಿಚೀಲದ ಮೇಲೆ ಮಾರಾಟಕ್ಕಿರುತ್ತವೆ. ಮರದ ತೊಗಟೆಯನ್ನು ತಬ್ಬಿದ ಬೇರು ಹರಿದ ಮೇಲೆ ಅವುಗಳಲ್ಲಿ ಬದುಕುವುದು ಕಡಿಮೆ. ಕೊಂಡವರು ಪುನಃ ಮರುವರ್ಷ ಕೊಳ್ಳುತ್ತಾರೆ, ಕೀಳುವವರು ಇನ್ನೂ ಒಳಗಿನ ಬೆಟ್ಟಕ್ಕೆ ಹೋಗುತ್ತಾರೆ. ರಸ್ತೆ ಅಗಲಿಸಲು ಕಡಿದ ಮರಗಳ ಜೊತೆ ಹೋದವು ಬೇರೆ.

ಕೀಳಬೇಡಿ ಎಂದು ಹೇಳುವುದು ಸರಿ. ಆದರೆ ಹೂವಿನ ಆಸೆ ಇರುವವರಿಗೆ ಬೇರೆ ದಾರಿ ಎಲ್ಲಿದೆ? ಸೀತಾಳೆಯ ಒಂದೇ ಕಾಯಿಯನ್ನು ಬಿತ್ತಿದರೆ ಒಂದು ತಾಲ್ಲೂಕಿನ ಅಂಗಳಗಳಿಗೆಲ್ಲ ಸಾಕಾಗುವಷ್ಟು ಸಸಿ ಬರುತ್ತದೆ. ಬಾಟಲಿಯಲ್ಲಿ ಹುಟ್ಟಿ ಕುಂಡದಲ್ಲಿ ಬೆಳೆದ ಗಿಡ ಮರದಿಂದ ಕಿತ್ತದ್ದಕ್ಕಿಂತ ಗಟ್ಟಿ. ನೀಲಿ ವಾಂಡಾದ ಕಥೆಯೂ ಇದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಖಾಸಿ ಬೆಟ್ಟಗಳಿಂದ ಅದನ್ನು ಆಳುಗಳ ತಲೆಹೊರೆಯಲ್ಲಿ ಸಾಗಿಸಿದ್ದರು. ಇಂದು ಪೇಟೆಗೆ ಬರುವ ನೀಲಿ ವಾಂಡಾಗಳು ಅದನ್ನು ಫಿಲಿಪ್ಪೀನ್ಸಿನ ವಾಂಡಾ ಸ್ಯಾಂಡೆರಿಯಾನಾ ಜೊತೆ ಕೂಡಿಸಿ ಬೀಜದಿಂದ ಎಬ್ಬಿಸಿದ ವಂಶದವು. ಆ ಜೋಡಿಗೆ 1931ರಲ್ಲಿ ರಾತ್‌ಶಿಲ್ಡಿಯಾನಾ ಎಂದು ಹೆಸರಾಯಿತು.

ಮಿಶ್ರತಳಿ ಮಾಡುವ ಕೈ ಮತ್ತು ಕಾಡನ್ನು ಉಳಿಸುವ ಕೈ ಬೇರೆಬೇರೆ ಅಲ್ಲ ಎಂಬುದಕ್ಕೆ ಸಿಂಗಪುರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1893ರಲ್ಲಿ ಅಲ್ಲಿ ಆಗ್ನೆಸ್ ಜೋಕಿಮ್ ಎಂಬ ಹೆಂಗಸಿನ ಮನೆತೋಟದ ಒಂದು ಮಿಶ್ರತಳಿ ವಾಂಡಾಕ್ಕೆ ಅವರದೇ ಹೆಸರಿಟ್ಟರು. ಅದರ ತಂದೆತಾಯಿಯರಲ್ಲಿ ಒಂದು ನಮ್ಮ ಅಸ್ಸಾಮಿನ ಕಡೆಯೂ ಬೆಳೆಯುವ ವಾಂಡಾ ಟೆರೆಸ್. 1981ರಲ್ಲಿ ಆ ಮನೆತೋಟದ ಹೂವೇ ದೇಶದ ಹೂವಾಯಿತು. ಅಲ್ಲಿಯ ಸಸ್ಯೋದ್ಯಾನದಲ್ಲಿ ಎರಿಕ್ ಹೋಲ್ಟಮ್ 1928ರಲ್ಲಿ ನಡ್ಸನ್ ವಿಧಾನದಿಂದ ಬಾಟಲಿಯಲ್ಲಿ ಬೀಜ ಬಿತ್ತಿ ಮಿಶ್ರತಳಿಗಳನ್ನು ಮಾಡತೊಡಗಿದರು. 1990ರ ದಶಕದಿಂದ ಅದೇ ಸಸ್ಯೋದ್ಯಾನ ಅದೇ ವಿದ್ಯೆಯಿಂದ, ಅಲ್ಲಿ ಅಳಿದೇಹೋಗಿದ್ದ ಹುಲಿ ಆರ್ಕಿಡ್ ಮತ್ತು ಅಪರೂಪವಾಗಿದ್ದ ಇತರ ಆರ್ಕಿಡ್‌ಗಳ ಸಸಿ ಬೆಳೆಸಿ ಉದ್ಯಾನಗಳ ಮತ್ತು ರಸ್ತೆಬದಿಯ ಮರಗಳ ಮೇಲೆ ಕೂರಿಸಿದೆ. ದೂರವೇಕೆ, ತಿರುವನಂತಪುರದ ಹತ್ತಿರದ ಪಾಲೋಡಿನ ಸಸ್ಯೋದ್ಯಾನದವರು ಪಶ್ಚಿಮ ಘಟ್ಟದ ಇಪ್ಸಿಯಾ ಮಲಬಾರಿಕಾ ಎಂಬ ಆರ್ಕಿಡ್ಡನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಕಾಡಿಗೆ ಮರಳಿಸುವ ಕೆಲಸ ಮಾಡಿದ್ದಾರೆ. ಸಿಕ್ಕಿಮಿನ ಪಾಕ್ಯೊಂಗಿನಲ್ಲಿ 1996ರಿಂದ ಆರ್ಕಿಡ್‌ಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಕಲಿಯಲು ಕಡಲು ದಾಟಬೇಕಿಲ್ಲ.

ಎರಡು ಎಚ್ಚರಿಕೆ ಮಾತ್ರ ಅಗತ್ಯ. ಮಿಶ್ರತಳಿಯ ಗಿಡ ಅಂಗಳದಲ್ಲೇ ಇರಬೇಕು, ಕಾಡಿನ ಮರಕ್ಕೆ ಅದನ್ನು ಕಟ್ಟಲೇಬಾರದು. ವಾಂಡಾ, ಸೀತಾಳೆ, ಏರಿಡಿಸ್ ಇವೆಲ್ಲ ಒಂದೇ ಬಳಗ, ತಮ್ಮತಮ್ಮಲ್ಲಿ ಕೂಡಬಲ್ಲವು. ಕಾಡಿಗೆ ಮರಳಿಸುವುದಿದ್ದರೆ ಅದೇ ಕಾಡಿನ, ಅದೇ ಜಾತಿಯ ಬೀಜದ ಸಸಿಯನ್ನು ಅರಣ್ಯ ಇಲಾಖೆಯೇ ಮರಳಿಸಲಿ. ಎರಡನೆಯದು, ಕಾಯಿಯ ಹೆಸರಿನಲ್ಲಿ ಕಾಡಿನಲ್ಲಿ ಹೊಸ ಕೊಯ್ಲು ಶುರುವಾಗಬಾರದು. ಆರ್ಕಿಡ್‌ಗಳೆಲ್ಲವೂ ಕಾಡಿನ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ನೀಲಿ ವಾಂಡಾ, ಕೆಂಪು ವಾಂಡಾ, ಪೆಫಿಯೋಪೆಡಿಲಂಗಳಿಗೆ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಅಡಿಕೆ ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟವೂ ಕಾಗದದಲ್ಲಿ ಅರಣ್ಯವೇ. ಹಾಗಾಗಿ ಪ್ರಯೋಗಾಲಯ ಮನೆಯಂಗಳದಲ್ಲಿ ಬೆಳೆದ ಗಿಡದ ಕಾಯಿಯನ್ನು ಮಾತ್ರ, ತಾಯಿಗಿಡದ ಫೋಟೊ ಮತ್ತು ಪರಾಗ ಇಟ್ಟ ದಿನಾಂಕ ಬರೆಸಿಕೊಂಡು ತೆಗೆದುಕೊಳ್ಳಲಿ.

ಅಮೆರಿಕದಲ್ಲಿ ಹವ್ಯಾಸಿಗಳು ಅಂಚೆಯಲ್ಲಿ ಕಳಿಸಿದ ಕಾಯಿಯನ್ನು ಬಿತ್ತಿ, ಸಸಿ ತುಂಬಿದ ಬಾಟಲಿಯನ್ನು ಮರಳಿಸುವ ಪ್ರಯೋಗಾಲಯಗಳು ಹಿಂದಿನಿಂದಲೂ ಇವೆ. ನಮ್ಮಲ್ಲಿ ಶಿರಸಿ ಮತ್ತು ಮೂಡಿಗೆರೆಯ ತೋಟಗಾರಿಕೆ ಕಾಲೇಜುಗಳು, ಪೊನ್ನಂಪೇಟೆಯ ಅರಣ್ಯ ಕಾಲೇಜು ಆರ್ಕಿಡ್ ಬೆಳೆಯುವ ಸೀಮೆಯಲ್ಲೇ ಇವೆ. ಅಲ್ಲಿ ಕಲಿಯುವ ಮಕ್ಕಳಿಗೆ ಬಿತ್ತನೆಯ ಕೈಪಳಗುತ್ತದೆ, ವಿಶ್ವವಿದ್ಯಾಲಯಕ್ಕೆ ಶುಲ್ಕ ಬರುತ್ತದೆ. ಬಂದ ಸಸಿಯಲ್ಲಿ ಅರ್ಧವನ್ನು ಕಾಲೇಜೇ ಇಟ್ಟುಕೊಂಡು ಮಾರಿದರೂ ನಮ್ಮ ಅಭ್ಯಂತರವಿಲ್ಲ. ಜಾತ್ರೆಯಲ್ಲಿ ಗೋಣಿಚೀಲದ ಪಕ್ಕದಲ್ಲೇ ಕಾಲೇಜಿನ ಹೆಸರಿನ ಸೀತಾಳೆ ಸಸಿ ಚೀಟಿಸಮೇತ ಮಾರಾಟಕ್ಕಿದ್ದರೆ ಕೊಳ್ಳುವವರು ಯಾವುದನ್ನು ಆರಿಸಿಕೊಳ್ಳುತ್ತಾರೆಂದು ಬೇರೆ ಹೇಳಬೇಕಿಲ್ಲ.

ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯೋಜನೆಯೂ ಬೇಡ. ಒಂದು ಕಾಯಿ ಬಿತ್ತಲು ಇಷ್ಟು, ಒಂದು ಬಾಟಲಿ ಬಿಡಿಸಿ ಹಾಕಲು ಇಷ್ಟು ಎಂದು ದರ ಬರೆದ ಫಲಕ, ಕಾಯಿ ತೆಗೆದುಕೊಳ್ಳಲು ವಾರದಲ್ಲಿ ಒಂದು ದಿನ, ತುಂಬಲು ಒಂದು ಪುಟದ ಅರ್ಜಿ ಇದ್ದರೆ ಸಾಕು. ಕುಲಪತಿಗಳು ಮತ್ತು ತೋಟಗಾರಿಕೆ ಇಲಾಖೆಯವರು ಬರುವ ಮುಂಗಾರಿಗೆ ಮುಂಚೆ ಇದನ್ನು ತೀರ್ಮಾನಿಸಲಿ. ಈ ಸಲ ಸೀತಾಳೆ ಅರಳಿದಾಗ ನನ್ನ ಅಂಗಳದ ಹಲಸಿನ ಮರದ ಗೊಂಚಲುಗಳಿಗೆ ಪರಾಗ ಇಟ್ಟು ಕಾಯಿ ಕಟ್ಟಿಸುತ್ತೇನೆ. ಮೊದಲ ಅರ್ಜಿ, ಮೊದಲ ಶುಲ್ಕ ನನ್ನದೇ ಇರಲಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು
ಶಿರಸಿ ತಾಲ್ಲೂಕು, ಉತ್ತರ ಕನ್ನಡ